ಕೋಟು ಇಲ್ಲದ ಬೆಳಗು

ನಮ್ಮ ಮಹಡಿಯ ಮೇಲಿರುವ ದೊಡ್ಡಕ್ಕ ಸರ್ಕಾರಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಮಾಡುತ್ತಿದ್ದಳು ಎಂದು ನಾನು ಹೇಳುತ್ತೇನೆ, ಸರ್ಕಾರ ಹೇಳುವುದಿಲ್ಲ. ಸರ್ಕಾರಕ್ಕಿಂತ ನನಗೆ ಹೆಚ್ಚು ಗೊತ್ತು ಅಂತಲ್ಲ. ಅವಳು ಕೆಲಸಕ್ಕೆ ಹೊರಡುವುದನ್ನು ನಾನು ದಿನಾ ಕಣ್ಣಾರೆ ಕಂಡವಳು, ಅಷ್ಟೇ.

ನಾನು ಕೆಳಗಡೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಅವಳು ಆ ಕೆಲಸಕ್ಕೆ ಸೇರಿದ್ದು ನನ್ನ ಮಗಳು ಹುಟ್ಟುವ ಮುಂಚೆ. ಈಗ ನನ್ನ ಮಗಳಿಗೇ ಮಕ್ಕಳಿವೆ. ಆದರೂ ದೊಡ್ಡಕ್ಕ ಅಲ್ಲಿ ಯಾವತ್ತೂ ಹಳಬಳಾಗಲಿಲ್ಲ. ಬಟ್ಟೆ ಒಗೆಯುವುದನ್ನು ಆಸ್ಪತ್ರೆಯವರು ಗುತ್ತಿಗೆಗೆ ಕೊಟ್ಟಿದ್ದಾರೆ. ಗುತ್ತಿಗೆದಾರ ಬದಲಾದಾಗಲೆಲ್ಲ ಅದೇ ಹೆಂಗಸರು ಹಳೇ ಕೋಟು ಬಿಚ್ಚಿಕೊಟ್ಟು, ಬೇರೆ ಬಣ್ಣದ ಕೋಟು ಹಾಕಿಕೊಂಡು, ಅದೇ ಬಾಗಿಲಲ್ಲಿ ಒಳಹೋಗಿ ಅದೇ ಯಂತ್ರದ ಮುಂದೆ ನಿಲ್ಲುತ್ತಾರೆ. ಕೋಟು ಬದಲಾಯಿತೆಂದರೆ ಹಿಂದಿನ ದುಡಿಮೆಯೆಲ್ಲ ಗಾಳಿಗೆ ಹೋಯಿತು. ಅವತ್ತಿನಿಂದ ಅವರು ಹೊಸದಾಗಿ ಸೇರಿದವರು.

ಕೋಟುಗಳು ಬರುವುದು ಒಂದೇ ಅಳತೆಯಲ್ಲಿ. ದೊಡ್ಡಕ್ಕ ಕಡ್ಡಿಯಂಥ ಹೆಂಗಸು. ಹಾಗಾಗಿ ಪ್ರತಿ ಸಲವೂ ಕೋಟು ನನ್ನ ಹತ್ತಿರ ಬರುತ್ತಿತ್ತು.

“ಮತ್ತೆ ಮದುವೆ ಆಯ್ತಮ್ಮ ನನಗೆ. ಸೊಂಟದ ಹತ್ರ ಸ್ವಲ್ಪ ಹಿಡಿ,” ಅನ್ನುತ್ತಿದ್ದಳು.

“ಇದು ಎಷ್ಟನೇ ಗಂಡ?”

“ಲೆಕ್ಕ ಇಟ್ಟಿಲ್ಲ. ಒಬ್ಬನೂ ನೆಟ್ಟಗೆ ಬಾಳಿಸ್ಲಿಲ್ಲ.”

ಅವಳ ನಿಜವಾದ ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ಸತ್ತು ಬಹಳ ಕಾಲವಾಗಿತ್ತು. ಅವನ ತಂಗಿ, ಅಂದರೆ ಇವಳ ನಾದಿನಿ, ಗಂಡ ಬಿಟ್ಟುಹೋದ ಮೇಲೆ ಕೈಗೂಸನ್ನು ಎತ್ತಿಕೊಂಡು ಇವಳ ಬಾಗಿಲಿಗೇ ಬಂದಳು. ನನ್ನ ಹೊಟ್ಟೆಗೇ ಇಲ್ಲ, ನಿನ್ನನ್ನೆಲ್ಲಿ ಸಾಕಲಿ ಅಂತ ದೊಡ್ಡಕ್ಕ ಅನ್ನಲಿಲ್ಲ. ಮೇಲ್ವಿಚಾರಕನ ಕೈಕಾಲು ಹಿಡಿದು ಅವಳನ್ನೂ ಅದೇ ವಿಭಾಗಕ್ಕೆ ಸೇರಿಸಿದಳು. ಇಬ್ಬರು ಹೆಂಗಸರು, ಒಂದು ಹುಡುಗಿ, ಒಂದು ಕೋಣೆ, ಒಂದು ಅಡುಗೆಮನೆ. ಜಗಳ ಇರಲಿಲ್ಲ ಅಂತೇನಿಲ್ಲ. ಬಕೆಟ್ಟು ಯಾರು ಖಾಲಿ ಮಾಡಿದ್ದು ಅನ್ನುವುದಕ್ಕೆ ನನ್ನ ಸೂರು ಅದುರುವಂತೆ ಕಿತ್ತಾಡಿ, ಆಮೇಲೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು.

ಬಟ್ಟೆ ವಿಭಾಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿದೆ. ಒಂದು ಸಲ ಅವಳಿಗೆ ಊಟದ ಡಬ್ಬಿ ಕೊಡಲು ಹೋಗಿ ನಾನೂ ನೋಡಿದ್ದೇನೆ. ಕಿಟಕಿ ಇಲ್ಲ. ಗೋಡೆಯೆಲ್ಲ ಬೆವರುತ್ತದೆ. ಒಂದು ಕಡೆ ರಕ್ತ, ಕೀವು, ವಾಂತಿ ಹತ್ತಿದ ಹಾಸುಗಳ ರಾಶಿ. ಇನ್ನೊಂದು ಕಡೆ ಇಸ್ತ್ರಿಯ ದೊಡ್ಡ ಯಂತ್ರ: ಒಂದರ ಮೇಲೊಂದು ಉರುಳುವ ಎರಡು ಕಾದ ಉರುಳೆಗಳು. ಒದ್ದೆ ಹಾಸಿನ ಅಂಚನ್ನು ಬಾಯಿಗೆ ಕೊಟ್ಟರೆ ಅದು ತಾನೇ ಎಳೆದುಕೊಂಡು ಆಚೆ ಬದಿಯಲ್ಲಿ ಗರಿಗರಿಯಾಗಿ ಬಿಡುತ್ತದೆ. ಅಂಚು ಕೊಡುವುದು ದೊಡ್ಡಕ್ಕ, ಆಚೆ ನಿಂತು ಮಡಚುವುದು ನಾದಿನಿ.

ಆ ಹೆಂಗಸರಲ್ಲಿ ಒಂದು ರೂಢಿ ಇತ್ತು. ಯಾರು ಶುರುಮಾಡಿದರೋ ಗೊತ್ತಿಲ್ಲ, ನನ್ನನ್ನು ಕೇಳಿದರೆ ಹಾಳು ರೂಢಿ. ಹಳೇ ಗುತ್ತಿಗೆ ಸಂಜೆಗೆ ಮುಗಿಯುತ್ತದೆ, ಕೋಟು ಬಿಚ್ಚಿಸಿಕೊಳ್ಳುತ್ತಾರೆ. ಹೊಸಬನ ಕೋಟಿನ ಗಂಟು ಬರುವುದು ಮರುದಿನ ಮಧ್ಯಾಹ್ನಕ್ಕೆ. ನಡುವಿನ ಬೆಳಗು ಯಾರಿಗೂ ಸೇರಿದ್ದಲ್ಲ. ಆದರೆ ಹೊಟ್ಟೆ ಕುಯ್ಯಬೇಕಾದವರು ಗುತ್ತಿಗೆ ನೋಡಿಕೊಂಡು ಕಾಯಿಲೆ ಬೀಳುವುದಿಲ್ಲ. ಆಪರೇಷನ್ ಕೋಣೆಯ ಸಿಸ್ಟರ್ ಫೋನ್ ಮಾಡಿ, “ಹಾಸು ಮುಗೀತಾ ಬಂತು, ಬಂದ್ಬಿಡ್ರಮ್ಮ” ಅನ್ನುತ್ತಿದ್ದಳು. ಇವರು ಮನೆಯ ಬಟ್ಟೆಯಲ್ಲೇ ಹೋಗಿ ದುಡಿದು ಬರುತ್ತಿದ್ದರು. ಅದಕ್ಕೆ ಕೂಲಿಯಿಲ್ಲ. ಕೋಟು ಇಲ್ಲದ ಬೆಳಗು ಅಂತ ಅದಕ್ಕೊಂದು ಹೆಸರೂ ಇಟ್ಟಿದ್ದರು. ಆ ಬೆಳಗಿನ ಬಗ್ಗೆ ಅವರಿಗೆ ಹೆಮ್ಮೆ. “ಬೇರೆ ದಿನ ಅವರಿಗೋಸ್ಕರ ಒಗೀತೀವಿ. ಅವತ್ತೊಂದು ದಿನ ರೋಗಿಗೋಸ್ಕರ ಒಗೀತೀವಿ,” ಅಂದಿದ್ದಳು ದೊಡ್ಡಕ್ಕ. ನಾನು, “ನಿಮ್ಮಂಥ ದಡ್ಡರನ್ನ ದೀಪ ಹಿಡಿದು ಹುಡುಕಿದರೂ ಸಿಗಲ್ಲ,” ಅಂತ ಬೈದಿದ್ದೆ.

ಹಳದಿ ಕೋಟು ಹೋಗಿ ಹಸಿರು ಕೋಟು ಬರಬೇಕಾಗಿದ್ದ ಅಂಥದೊಂದು ಬೆಳಗ್ಗೆ ಅವಳ ಕೈ ಉರುಳೆಗೆ ಸಿಕ್ಕಿತು. ಕೋಟಿನ ತೋಳು ಗಿಡ್ಡ, ಮೈಗೆ ಹತ್ತಿದ ಹಾಗಿರುತ್ತದೆ. ಮನೆಯ ಬಟ್ಟೆಯ ತೋಳು ಸಡಿಲ. ಒದ್ದೆ ಹಾಸಿನ ಜೊತೆ ತೋಳಿನ ತುದಿ ಹೋಯಿತು, ತೋಳಿನ ಹಿಂದೆ ಬಲಗೈ ಹೋಯಿತು. ಆಚೆ ಬದಿಯಲ್ಲಿದ್ದ ನಾದಿನಿ ಓಡಿಬಂದು ಯಂತ್ರ ನಿಲ್ಲಿಸಿ, ಉರುಳೆ ಎತ್ತಿ, ಕೈಯನ್ನು ಬಿಡಿಸಿದಳು. ಮಹಡಿ ಮೇಲಿನ ಡಾಕ್ಟರು ‘ಸುಟ್ಟ ಗಾಯ’ ಅಂತಷ್ಟೇ ಬರೆದು ಪಟ್ಟಿ ಕಟ್ಟಿದರು. ಕೈ ಉಳಿಯಿತು, ಬೆರಳುಗಳು ಉಳಿಯಲಿಲ್ಲ. ಇವೆ, ಆದರೆ ಒಂದಕ್ಕೊಂದು ಅಂಟಿಕೊಂಡು ಒಳಕ್ಕೆ ಮಡಚಿವೆ. ಒಂದು ಚಮಚ ಹಿಡಿಯಲೂ ಆಗುವುದಿಲ್ಲ.

ಆಮೇಲೆ ಶುರುವಾಯಿತು ನೋಡಿ ತಮಾಷೆ. ಹಳದಿ ಗುತ್ತಿಗೆಯವನು ನಮ್ಮದು ಹಿಂದಿನ ಸಂಜೆಗೇ ಮುಗಿದಿತ್ತು ಅಂದ. ಹಸಿರು ಗುತ್ತಿಗೆಯವನು ಆಯಮ್ಮ ನಮ್ಮಲ್ಲಿ ಸೇರಿಯೇ ಇಲ್ಲ ಅಂದ. ಇಬ್ಬರ ಮೇಲೂ ಕಣ್ಣಿಡಬೇಕಾದ ಆಸ್ಪತ್ರೆಯ ಆಡಳಿತಾಧಿಕಾರಿ ಎಲ್ಲರಿಗಿಂತ ಜಾಣ. ಅವತ್ತು ಬೆಳಗ್ಗೆ ಬಟ್ಟೆ ವಿಭಾಗ ತೆರೆದೇ ಇರಲಿಲ್ಲ, ಬೀಗ ಹಾಕಿತ್ತು ಅಂದುಬಿಟ್ಟ. ಗುತ್ತಿಗೆ ಇಲ್ಲದ ಹೊತ್ತಲ್ಲಿ ಕೆಲಸ ನಡೆಸಿದ್ದೇವೆ ಅಂತ ಒಪ್ಪಿದರೆ ಅವನ ಕುರ್ಚಿಗೇ ಸಂಚಕಾರ. ಫೋನ್ ಮಾಡಿದ ಸಿಸ್ಟರ್‌ಗೆ ತಾನು ಫೋನ್ ಮಾಡಿದ್ದು ನೆನಪಿಗೆ ಬರಲಿಲ್ಲ.

ದೊಡ್ಡಕ್ಕ ಬಯಸಿದ್ದು ಒಂದೇ. ಕೆಲಸದಲ್ಲಿ ಕೈಕಾಲು ಊನವಾದವರಿಗೆ ಆಸ್ಪತ್ರೆಯೇ ಹಗುರ ಕೆಲಸ ಕೊಡಬೇಕು, ಗುತ್ತಿಗೆದಾರ ಬದಲಾದರೂ ತೆಗೆಯುವಂತಿಲ್ಲ ಅಂತ ಸರ್ಕಾರದ ಒಂದು ಆದೇಶವಿತ್ತು. ಹೆರಿಗೆ ವಾರ್ಡಿನ ಪಕ್ಕದಲ್ಲಿ ಶುಚಿ ಬಟ್ಟೆ ಇಡುವ ಚಿಕ್ಕ ಕೋಣೆಯಿದೆ. ಕೇಳಿದವರಿಗೆ ಕಪಾಟಿನಿಂದ ತೆಗೆದುಕೊಡುವ ಕೆಲಸ, ಎಡಗೈ ಸಾಕು. “ಅಲ್ಲೊಂದು ಸ್ಟೂಲ್ ಇದೆ. ಕಿಟಕೀನೂ ಇದೆ,” ಅಂದಳು. ನಲವತ್ತು ದಾಟಿ ಎಷ್ಟೋ ಆಗಿದ್ದ ಹೆಂಗಸು ಕಿಟಕಿಯ ವಿಷಯವನ್ನು ಚಿಕ್ಕ ಹುಡುಗಿಯ ಹಾಗೆ ಹೇಳಿದಳು.

ಕಾರ್ಮಿಕ ಇಲಾಖೆಗೆ ಅಲೆದೆವು. ನಾನೂ ಅಂಗಡಿ ಮುಚ್ಚಿ ಜೊತೆಗೆ ಹೋಗುತ್ತಿದ್ದೆ. ಅಲ್ಲಿನ ಅಧಿಕಾರಿ ಕೆಟ್ಟವನಲ್ಲ, ಅದೇ ನನಗೆ ಇನ್ನೂ ನುಂಗಲಾಗದ್ದು. ಕೂರಿಸಿ ಮಾತಾಡಿದ. ಅವಳ ಕೈ ನೋಡಿ ಕನ್ನಡಕ ತೆಗೆದು ಒರೆಸಿಕೊಂಡ.

“ನೀವು ಕೆಲಸದಲ್ಲಿದ್ರಿ ಅಂತ ನನಗೆ ಗೊತ್ತಮ್ಮ,” ಅಂದ. “ಗೊತ್ತಿದೆ ಅಂತ ಆದೇಶ ಬರೆಯೋಕಾಗಲ್ಲ. ವಿಭಾಗ ತೆರೆದಿತ್ತು, ನೀವು ಅಲ್ಲಿದ್ರಿ ಅಂತ ಜೊತೆಯವರು ಒಬ್ರು ಬಂದು ಹೇಳಲಿ. ಒಬ್ರು ಸಾಕು.”

ಆ ಬೆಳಗ್ಗೆ ಜೊತೆಗೆ ದುಡಿದವರೆಲ್ಲರ ಮನೆಗೂ ಹೋದೆವು. ನಮಗಿಂತ ಮುಂಚೆ ಹಸಿರು ಕೋಟಿನ ಮೇಲ್ವಿಚಾರಕ ಹೋಗಿಬಂದಿದ್ದ. ಅವತ್ತು ಒಳಗಿದ್ದೆ ಅಂತ ಯಾರು ಹೇಳುತ್ತಾರೋ ಅವರು ಅಪ್ಪಣೆ ಇಲ್ಲದೆ ನುಗ್ಗಿದವರು, ಅಂಥವರು ಕೋಟು ವಾಪಸ್ ಕೊಡಬೇಕು ಅಂದಿದ್ದನಂತೆ. ಎಲ್ಲರೂ ದೊಡ್ಡಕ್ಕನ ಕೈ ಹಿಡಿದು ಅತ್ತರು, ಕೂರಿಸಿ ಟೀ ಕೊಟ್ಟರು, ಬರುತ್ತೇವೆ ಅಂತ ಮಾತ್ರ ಯಾರೂ ಅನ್ನಲಿಲ್ಲ.

“ಊರವರ ಕಾಲು ಯಾಕೆ ಹಿಡೀತೀಯ ಅತ್ತಿಗೆ?” ಅಂದಳು ನಾದಿನಿ. “ಕೈ ಬಿಡಿಸಿದವಳು ನಾನು. ನಾನೇ ಹೇಳ್ತೀನಿ.”

“ನಿನ್ನ ಕೋಟು ಹೋದ್ರೆ?”

“ನೀನು ಕಿಟಕಿ ಪಕ್ಕ ಕೂತು ಸಾಕು ನಮ್ಮನ್ನ. ನಾನು ಮನೇಲಿ ಕಾಲು ಚಾಚಿ ಮಲಗ್ತೀನಿ.”

ಇಬ್ಬರೂ ನಕ್ಕರು. ನಾನೂ ನಕ್ಕೆ. ಆ ವಾರವೆಲ್ಲ ಮೇಲಿನ ಮನೆಯಲ್ಲಿ ಜಗಳವೇ ಕೇಳಲಿಲ್ಲ.

ವಿಚಾರಣೆಯ ದಿನ ನಾವಿಬ್ಬರು ಮನೆಯಿಂದ ಹೋದೆವು, ನಾದಿನಿ ಆಸ್ಪತ್ರೆಯಿಂದ ನೇರವಾಗಿ ಬರಬೇಕಾಗಿತ್ತು. ಬಂದಳು, ಆದರೆ ಹಸಿರು ಕೋಟಿನಲ್ಲೇ ಬಂದಳು, ಮೇಲ್ವಿಚಾರಕನ ಪಕ್ಕದಲ್ಲಿ. ನಮ್ಮ ಕಡೆಯ ಬೆಂಚಿನಲ್ಲಿ ಜಾಗವಿತ್ತು. ಅವಳು ಗೋಡೆಗೆ ಒರಗಿ ನಿಂತಳು. ದೊಡ್ಡಕ್ಕ ಜರುಗಿ ಇನ್ನಷ್ಟು ಜಾಗ ಮಾಡಿದಳು.

ಅಧಿಕಾರಿ ಕೇಳಿದ. “ಅವತ್ತು ಬೆಳಗ್ಗೆ ಬಟ್ಟೆ ವಿಭಾಗ ತೆರೆದಿತ್ತಾ?”

“ಇಲ್ಲ ಸಾರ್. ಬೀಗ ಹಾಕಿತ್ತು.”

ಅಧಿಕಾರಿ ಅವಳನ್ನೇ ನೋಡಿದ. ಅವನೂ ಬೇರೆ ಉತ್ತರಕ್ಕೆ ಕಾದಿದ್ದನೆಂದು ಕಾಣುತ್ತದೆ.

“ನೀವು ಇವರ ನಾದಿನಿ ಅಲ್ವಾ? ಹಾಗಾದ್ರೆ ಇವರ ಕೈ ಸುಟ್ಟಿದ್ದು ಎಲ್ಲಿ?”

ಮೇಲ್ವಿಚಾರಕ ಕೆಮ್ಮಿದ. “ಮನೇಲಿ,” ಅಂದಳು ನಾದಿನಿ. “ಒಲೆ ಹತ್ರ.”

ನಾನು ಎದ್ದು ನಿಂತೆ. ಸುಳ್ಳು, ಬೆಳಗ್ಗೆ ನನ್ನ ಕಣ್ಣೆದುರೇ ಇಬ್ಬರೂ ಕೆಲಸಕ್ಕೆ ಹೊರಟರು ಅಂದೆ. ನೀವ್ಯಾರು ಅಂತ ಎದುರು ಬೆಂಚಿನಲ್ಲಿದ್ದ ಆಸ್ಪತ್ರೆಯ ಆಡಳಿತಾಧಿಕಾರಿ ಕೇಳಿದ. ಕೆಳಗಿನ ಮನೆಯ ಟೈಲರ್ ಅಂದೆ. ಹೊರಟಿದ್ದು ನೋಡಿದ್ದೀರಿ, ಒಳಗೆ ಹೋಗಿದ್ದು ನೋಡಿದ್ದೀರಾ ಅಂದ. ಅವನ ಪಕ್ಕದವರು ನಕ್ಕರು. ಅಧಿಕಾರಿ ನನ್ನನ್ನು ಕೂರಲು ಹೇಳಿ ದೊಡ್ಡಕ್ಕನ ಕಡೆ ತಿರುಗಿದ.

“ನೀವು ಹೇಳಿಯಮ್ಮ. ನಾದಿನಿ ಹೇಳಿದ್ದು ನಿಜವಾ? ಸುಳ್ಳು ಅಂದ್ರೆ ನಾನು ಅವರನ್ನ ಮತ್ತೆ ಪ್ರಶ್ನೆ ಮಾಡ್ತೀನಿ. ಸುಳ್ಳು ಸಾಕ್ಷಿಗೆ ಕ್ರಮಾನೂ ತಗೋಬೇಕಾಗುತ್ತೆ.”

ಅವನು ಒಳ್ಳೆಯದಕ್ಕೇ ಹೇಳಿದ್ದು. ಒಂದು ಮಾತಿನಲ್ಲಿ ಬಾಗಿಲು ತೆರೆಯುತ್ತದೆ ಅಂದುಕೊಂಡಿದ್ದ. ನಾನು ದೊಡ್ಡಕ್ಕನ ಮೊಣಕೈ ತಿವಿದೆ. ಅವಳು ನಾದಿನಿಯ ಮುಖ ನೋಡಲಿಲ್ಲ, ಕೋಟು ನೋಡುತ್ತಿದ್ದಳು. ಆ ಮನೆಯ ಅಕ್ಕಿ, ಬಾಡಿಗೆ, ಹುಡುಗಿಯ ಶಾಲೆ ಎಲ್ಲ ಈಗ ಆ ಒಂದು ಕೋಟಿನ ಮೇಲೆ ನಿಂತಿತ್ತು. ಅದನ್ನು ಅಧಿಕಾರಿಗೆ ನಾನಾದರೂ ಹೇಗೆ ಹೇಳಲಿ?

“ನಿಜ ಸಾರ್,” ಅಂದಳು. “ಒಲೆ ಹತ್ರಾನೇ.”

ಅವನು ಮತ್ತೆ ಕನ್ನಡಕ ತೆಗೆದು ಒರೆಸಿದ. ಆಮೇಲೆ ಬರೆದ. ಆಡಳಿತಾಧಿಕಾರಿ ಫೈಲು ಕಟ್ಟಿಕೊಂಡು ಏಳುತ್ತಾ, “ಅಡುಗೆ ಮಾಡುವಾಗ ಹುಷಾರಾಗಿರ್ಬೇಕಮ್ಮ,” ಅಂದ. ದೊಡ್ಡಕ್ಕ ಅದಕ್ಕೂ ತಲೆಯಾಡಿಸಿದಳು.

ಬಸ್ಸಿನಲ್ಲಿ ನಾದಿನಿ ಬಿಕ್ಕಿ ಬಿಕ್ಕಿ ಅತ್ತಳು. ಆಸ್ಪತ್ರೆಯವರು ಬೆಳಗ್ಗೆಯೇ ಕರೆಸಿ, ನಿಜ ಹೇಳಿದರೆ ಕೋಟಷ್ಟೇ ಅಲ್ಲ, ಕೇಸೂ ಹಾಕುತ್ತೇವೆ, ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಅಂದಿದ್ದರಂತೆ. “ಬೈಯಿ ಅತ್ತಿಗೆ, ಎರಡು ಏಟಾದ್ರೂ ಹಾಕು,” ಅಂದಳು. “ಯಾವ ಕೈಯಲ್ಲಿ ಹಾಕ್ಲಿ?” ಅಂದಳು ದೊಡ್ಡಕ್ಕ. ಅದು ತಮಾಷೆಯೋ ಅಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ.

ಈಗ ಕೈಗೆ ಏನಾಯಿತು ಅಂತ ಯಾರೇ ಕೇಳಲಿ, ದೊಡ್ಡಕ್ಕ ಒಲೆಯ ಕತೆ ಹೇಳುತ್ತಾಳೆ. ಮೊದಮೊದಲು ಎರಡೇ ಮಾತಿತ್ತು. ಈಗ ಎಣ್ಣೆಯ ಬಾಣಲೆ ಬಂದಿದೆ, ಜಾರಿದ ಇಕ್ಕಳ ಬಂದಿದೆ, ಹೊಗೆ ತುಂಬಿದ ಅಡುಗೆಮನೆ ಬಂದಿದೆ. ನನ್ನ ಗಿರಾಕಿಗಳಿಗೂ ಹೇಳುತ್ತಾಳೆ, ನಾನು ಕತ್ತರಿ ಹಿಡಿದು ತಲೆ ತಗ್ಗಿಸಿ ಕೂರುತ್ತೇನೆ. ಸುಳ್ಳು ಯಾಕೆ ಹೇಳುತ್ತೀಯ ಅಂತ ಒಂದು ದಿನ ರೇಗಿದೆ. “ಬರೆದಾಗಿದೆಯಲ್ಲಮ್ಮ,” ಅಂದಳು.

ಮೊನ್ನೆ ಬಟನ್ನು ಹಾಕಿದ ಬಟ್ಟೆ ಕೊಡಲು ಮೇಲೆ ಹೋಗಿದ್ದೆ. ಹುಡುಗಿ ಈಗ ಸೊಂಟದೆತ್ತರ ಬೆಳೆದಿದ್ದಾಳೆ. ಕೆಲಸ ಮುಗಿಸಿ ಬಂದ ಅಮ್ಮನಿಗೆ ತಾನೇ ಟೀ ಮಾಡುತ್ತೇನೆ ಅಂತ ಪಾತ್ರೆ ಹಿಡಿದು ಹೊರಟಿತ್ತು. ದೊಡ್ಡಕ್ಕ ಹಾರಿಬಂದು ಎಡಗೈಯಲ್ಲಿ ಹುಡುಗಿಯನ್ನು ಹಿಂದಕ್ಕೆ ಎಳೆದಳು, ಮಡಚಿದ ಬಲಗೈಯನ್ನು ಅದರ ಮುಖದ ಮುಂದೆ ಹಿಡಿದಳು.

“ಒಲೆ ಹತ್ರ ಹೋಗ್ಬೇಡ. ನೋಡಿಲ್ಲಿ, ಅತ್ತೆಗೆ ಏನ್ ಮಾಡ್ತು ಅಂತ.”

ಹುಡುಗಿ ಹೆದರಿ ಅಮ್ಮನನ್ನು ನೋಡಿತು, “ಹೌದಾ ಅಮ್ಮ?” ಅಂತ ಕೇಳಿತು. ನಾದಿನಿ ಹಸಿರು ಕೋಟಿನ ಗುಂಡಿ ಬಿಚ್ಚುತ್ತಿದ್ದವಳು ಹಾಗೇ ನಿಂತಳು. ಮೂವರೂ ಅವಳ ಬಾಯನ್ನೇ ನೋಡುತ್ತಿದ್ದೆವು.

“ಹೌದು,” ಅಂದಳು. “ಅತ್ತೆ ಹೇಳಿದ ಹಾಗೆ ಕೇಳು.”