ಹೆಸರೊಂದು ಬರೆಯಲಿಲ್ಲ

ಪುಣೆಯಲ್ಲಿ ಕ್ಷಯರೋಗಿಗಳಿಗೆ ನೆರವಾಗುವ ಸಂಸ್ಥೆಯೊಂದಕ್ಕೆ ದೇಣಿಗೆ ಎತ್ತುವುದು ನನ್ನ ಕೆಲಸ. ಬೇರೆಯವರ ಸಂಕಟವನ್ನು, ಓದಿದವರ ಕರುಳು ಚುರುಕ್ ಅನ್ನುವ ಹಾಗೆ ಬರೆಯಬೇಕು. ಅದರಲ್ಲಿ ನಾನು ಪಳಗಿದವನು ಎಂಬ ಜಂಬ ಬೇರೆ ಇತ್ತು.

ಕೋಥರೂಡ ಬಡಾವಣೆಯ ಒಬ್ಬ ಅಕ್ಕನಿಗೆ ನಮ್ಮಿಂದ ತಿಂಗಳು ತಿಂಗಳು ಬೇಳೆ, ಶೇಂಗಾ, ಮೊಟ್ಟೆ ಹೋಗುತ್ತಿತ್ತು. ಕಲಬುರಗಿ ಕಡೆಯವಳು, ಗಂಡನಿಲ್ಲ. ಜೋಳದ ರೊಟ್ಟಿ ಬಡಿದು ಸುತ್ತಲಿನ ಕನ್ನಡ ಮನೆಗಳಿಗೆ ಕೊಟ್ಟು ಬದುಕುತ್ತಿದ್ದಳು. ಅವಳ ಕ್ಷಯ ಇನ್ನು ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆಯೇ ಮತ್ತೆ ಒಲೆ ಹಚ್ಚಿದ್ದಳು. ನಿಮ್ಮ ಕಥೆ ಬರೆಯಲೇ ಎಂದು ಕೇಳಿದೆ.

"ಬರೀರಿ ಅಣ್ಣಾರ, ನೀವು ನಮ್ಮವರು. ಹೆಸರೊಂದು ಬ್ಯಾಡ್ರಿ," ಅಂದಳು.

ಹೆಸರು ಬರೆಯಲಿಲ್ಲ. ಫೋಟೋ ಹಾಕಲಿಲ್ಲ. ಮರಾಠಿ, ಇಂಗ್ಲಿಷ್ ಪತ್ರಗಳಲ್ಲಿ 'ಒಬ್ಬ ಮಹಿಳೆ' ಎಂದಷ್ಟೇ ಇತ್ತು. ಕನ್ನಡದವರಿಗೆ ಬರೆಯುವಾಗ ಮಾತ್ರ ನನ್ನ ಕೈ ಸುಮ್ಮನಿರಲಿಲ್ಲ. 'ಕೆಮ್ಮುತ್ತಲೇ ರೊಟ್ಟಿ ಬಡಿದು, ಕೇಳದೆಯೇ ಗುರೆಳ್ಳು ಹಿಂಡಿಯನ್ನೂ ಕಟ್ಟಿಕೊಡುವ ತಾಯಿ' ಎಂದು ಬರೆದೆ. ಅವಳ ಕೆಮ್ಮು ನಿಂತು ಎಷ್ಟೋ ದಿನವಾಗಿತ್ತು. ವಾಕ್ಯಕ್ಕೆ ಬೇಕಿತ್ತು, ಸೇರಿಸಿದೆ.

ಆ ಓಣಿಗಳಲ್ಲಿ ರೊಟ್ಟಿಯ ಜೊತೆ ಹಿಂಡಿ, ಅಂದರೆ ಚಟ್ನಿಪುಡಿ, ಪುಕ್ಕಟೆ ಕಟ್ಟಿಕೊಡುವವಳು ಅವಳೊಬ್ಬಳೇ. ಪತ್ರ ವಾಟ್ಸಾಪಿನಲ್ಲಿ ಮನೆಯಿಂದ ಮನೆಗೆ ಹೋಯಿತು. ದೇಣಿಗೆ ಚೆನ್ನಾಗಿಯೇ ಬಂತು, ಆಫೀಸಿನಲ್ಲಿ ಬೆನ್ನು ತಟ್ಟಿದರು. ದೇಣಿಗೆ ಕೊಟ್ಟ ಮನೆಗಳವರೇ ಅವಳ ರೊಟ್ಟಿ ಕೊಳ್ಳುವುದು ಬಿಟ್ಟರು.

ವಿಷಯ ತಿಳಿದ ದಿನವೇ ಮಧ್ಯಾಹ್ನ ಅವಳ ಮನೆಗೆ ಹೋದೆ. ಹಿಟ್ಟಿನ ಡಬ್ಬಿಗಳನ್ನೆಲ್ಲ ಮೇಲೆ ಎತ್ತಿಟ್ಟಿದ್ದಳು.

"ತಪ್ಪಾತ್ರಿ ಅಕ್ಕಾರ."

"ಹೆಸರಂತೂ ಬರದಿಲ್ಲ ಬಿಡ್ರಿ," ಅಂದಳು. "ಆದ್ರ ಕೆಮ್ಮು ಯಾಕ ಬರದ್ರಿ? ನಾ ಈಗ ಕೆಮ್ಮೂದಿಲ್ಲಲ್ರಿ," ಎಂದು ಕೇಳಿದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎತ್ತಿಟ್ಟ ಡಬ್ಬಿಗಳನ್ನೇ ನೋಡುತ್ತ ಕುಳಿತೆ.

"ಹಂಗ ಕುಂದರಬ್ಯಾಡ್ರಿ, ಉಣ್ರಿ," ಎಂದು ತನಗೆಂದು ಮಾಡಿಕೊಂಡಿದ್ದ ರೊಟ್ಟಿಯ ತಟ್ಟೆಯನ್ನು ನನ್ನ ಮುಂದಿಟ್ಟಳು.

ಈ ರೋಗ ಅನ್ನದಿಂದ ಅಂಟುವುದಿಲ್ಲ ಎಂದು ಪ್ರತಿ ಪತ್ರದ ಕೊನೆಗೂ ತಪ್ಪದೆ ಬರೆಯುವವನು ನಾನು. ಆದರೂ ತಟ್ಟೆಯ ಹತ್ತಿರ ಹೋದ ಕೈ ಒಂದು ಗಳಿಗೆ ನಿಂತಿತು.

ಅವಳು ನೋಡಿದಳು.

"ಒತ್ತಾಯ ಇಲ್ರಿ ಅಣ್ಣಾರ," ಎಂದು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.