ಕಿಟಕಿಯಲ್ಲಿಟ್ಟ ಫೋನು

ಜೋಯಿಡಾ ರಸ್ತೆಯ ನಮ್ಮೂರಲ್ಲಿ ಫೋನಿಗೆ ರೇಂಜ್ ಸಿಗುವುದು ಒಂದೇ ಜಾಗದಲ್ಲಿ, ಬಸ್ಸು ನಿಲ್ಲುವ ಕಡೆಯ ಚಹಾದಂಗಡಿಯ ಕಿಟಕಿಯಲ್ಲಿ. ಒಂದು ಮೊಳ ಆಚೆ ಹೋದರೆ ಇಲ್ಲ, ಈಚೆ ಬಂದರೂ ಇಲ್ಲ. ಹಾಗಾಗಿ ಊರಿನ ಫೋನುಗಳೆಲ್ಲ ಆ ಕಿಟಕಿಯಲ್ಲಿ ಸಾಲಾಗಿ ಕೂತಿರುತ್ತವೆ, ಯಜಮಾನರು ಮಾತ್ರ ಗದ್ದೆಯಲ್ಲೋ ಕಟ್ಟಿಗೆ ಡಿಪೋದಲ್ಲೋ ಇರುತ್ತಾರೆ. ಅಂಗಡಿ ನಡೆಸುವ ಮುದುಕಿ ಊರಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ. ಫೋನ್ ಬಂದರೆ ಅವಳೇ ಎತ್ತುತ್ತಿದ್ದಳು, ಮೆಸೇಜು ಬಂದರೆ ಓದಿ ಕೂಗುತ್ತಿದ್ದಳು. ಸಿಲಿಂಡರಿನ ಓಟಿಪಿ, ಬ್ಯಾಂಕಿನ ಓಟಿಪಿ, ಎಲ್ಲವೂ ರಸ್ತೆಯಾಚೆಗೂ ಕೇಳಿಸುತ್ತಿತ್ತು. ಇದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ, ಮಾವಶಿಯ ಉಪಕಾರ ಎಂದೇ ತಿಳಿದಿದ್ದರು.

ನನ್ನ ಆಫೀಸೂ ಆ ಅಂಗಡಿಯ ಬೆಂಚೇ. ದೂರದ ಊರಿನ ಡಾಕ್ಟರುಗಳು ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡುವುದು ನನ್ನ ಕೆಲಸ. ಯಾರಿಗೆ ಗರ್ಭ ನಿಲ್ಲಲಿಲ್ಲ, ಯಾರು ನಿದ್ದೆ ಮಾತ್ರೆ ನುಂಗಿದರು, ಎಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ. ಬೇರೆಯವರು ನನ್ನ ಕೆಲಸದ ಖಾತೆಯೊಳಗೆ ನುಗ್ಗಿದರೆ ಅವತ್ತೇ ಕೆಲಸ ಹೋಯಿತು ಎಂದು ಕೆಲಸ ಕೊಟ್ಟ ಆಫೀಸಿನವರು ಮೊದಲೇ ಹೇಳಿಬಿಟ್ಟಿದ್ದರು. ಹಳಿಯಾಳದ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಸೋತಿದ್ದ ನಾನು ಈ ಕೆಲಸ ಬಿಟ್ಟುಕೊಡುವ ಪೈಕಿ ಅಲ್ಲ.

ಗೋಡೆಗೆ ಬೆನ್ನು ಹಚ್ಚಿ ಕೂತೆ, ಹಿಂದಿನಿಂದ ಯಾರೂ ಇಣುಕದ ಹಾಗೆ. ಚಹಾ ತರಲು ಎದ್ದರೂ ಲ್ಯಾಪ್‌ಟಾಪ್ ಲಾಕ್ ಮಾಡಿದೆ. ಹಾಟ್‌ಸ್ಪಾಟಿಗೆ ಪಾಸ್‌ವರ್ಡ್ ಹಾಕಿದೆ. ಫೋನ್ ಲಾಕ್ ಆಗಿದ್ದಾಗ ಮೆಸೇಜು ಬಂದದ್ದಷ್ಟೇ ತಿಳಿಯಬೇಕು, ಒಳಗೇನಿದೆ ಎಂಬುದು ಕಾಣಬಾರದು, ಹಾಗೆ ಮಾಡಿಟ್ಟೆ.

ಮಾವಶಿ ಮುಖ ಊದಿಸಿದಳು. "ನಾ ಏನ್ ಕಳ್ಳಿ ಏನ? ಇಷ್ಟ ವರ್ಷ ಊರ ಮಂದಿ ಫೋನ್ ನೋಡೇನಿ. ನಿಂದಷ್ಟ ಬಂಗಾರದ್ದೇನ?"

"ಬಂಗಾರ ನಂದಲ್ಲ ಮಾವಶಿ, ಮಂದೀದು. ಅದಕ್ಕ ಮುಚ್ಚೇನಿ."

ಅವಳು ಕ್ಯಾರೆ ಅನ್ನಲಿಲ್ಲ. ಚಹಾದ ಗ್ಲಾಸನ್ನು ನನ್ನ ಮುಂದೆ ಕುಕ್ಕಿ ಇಡತೊಡಗಿದಳು. ಬಸ್ಸಿಗೆ ಕಾಯುವವರು "ಪಾಸ್‌ವರ್ಡ್ ಬಾಯಿ ಬಂದ್ಲು" ಎಂದು ಕಿಚಾಯಿಸಿದರು. ಹಾಟ್‌ಸ್ಪಾಟಿಗೆ ಬೀಗ ಹಾಕುವುದೆಂದರೆ ನಮ್ಮಲ್ಲಿ ಬಾಗಿಲಿಗೆ ಬಂದವರಿಗೆ ನೀರು ಕೊಡದಷ್ಟೇ ಕೆಟ್ಟದ್ದು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೇಕಾದರೆ ಊರೇ ಮಾತು ಬಿಡಲಿ, ನಾನು ಪಾಸ್‌ವರ್ಡ್ ಬಿಡುವುದಿಲ್ಲ ಎಂದು ಕೂತೆ.

ಒಂದು ರಜೆಯ ದಿನ, ದಾಂಡೇಲಿಗೆ ರಾಫ್ಟಿಂಗಿಗೆ ಬಂದವರು ಅಂಗಡಿ ತುಂಬ ನೆರೆದಿದ್ದರು. ನಾನು ಎಲ್ಲ ಲಾಕ್ ಮಾಡಿ ಮುಖ ತೊಳೆಯಲು ಹಿತ್ತಲಿಗೆ ಹೋದೆ. ವಾಪಸು ಬರುವಾಗ ಮಾವಶಿ ನನ್ನ ಫೋನ್ ಹಿಡಿದು ಮಾತಾಡುತ್ತಿದ್ದಳು. ಮುನಿಸು ಮುನಿಸೇ, ಆದರೆ ಬಂದ ಫೋನ್ ಎತ್ತದೆ ಬಿಡುವವಳಲ್ಲ.

"ಮೆಸೇಜ್ ಬಂದೈತ್ರಿ ಸಾಹೇಬ್ರ, ಆದ್ರ ನಂಬರ ಕಾಣವಲ್ದು. ಕಂಡಿದ್ರ ಹೇಳ್ತಿದ್ದೆ ನೋಡ್ರಿ."

ಒದ್ದೆ ಕೈಯಲ್ಲೇ ಫೋನ್ ಕಿತ್ತುಕೊಂಡೆ.

"ಮೇಡಂ, ನಾವು ನಿಮ್ಮ ಆಫೀಸಿನಿಂದ ಮಾತಾಡೋದು," ಎಂದ ಆ ಕಡೆಯವನು. "ಆ ನಂಬರ್ ಹೇಳಿ, ಇಲ್ಲಾಂದ್ರೆ ನಿಮ್ಮ ಖಾತೆ ಈಗಲೇ ಬಂದ್ ಆಗುತ್ತೆ."

"ಆಗ್ಲಿ ಬಿಡ್ರಿ. ನಾನ ಆಫೀಸಿಗೆ ಫೋನ್ ಮಾಡಿ ಕೇಳ್ತೇನಿ. ನಿಮ್ಮ ಹೆಸರೇನಂತ ಹೇಳ್ಲಿ?"

ಅವನು ಫೋನಿಟ್ಟ. ನಾನು ಅಲ್ಲೇ ನಿಂತು ಖಾತೆಯ ಪಾಸ್‌ವರ್ಡ್ ಬದಲಿಸಿ ಆಫೀಸಿಗೆ ತಿಳಿಸಿದೆ. ಹಳೆಯದು ಅವನಿಗೆ ಹೇಗೆ ಸಿಕ್ಕಿತ್ತೋ ಇವತ್ತಿಗೂ ಗೊತ್ತಿಲ್ಲ, ಒಳಗೆ ಬರಲು ನನ್ನ ಫೋನಿಗೆ ಬಂದ ಆ ಓಟಿಪಿಯೊಂದೇ ಬಾಕಿ ಇತ್ತು. ಸಂಜೆ ಆಫೀಸಿನಿಂದ ಫೋನ್ ಬಂತು. ಯಾರೂ ಒಳಗೆ ಬಂದಿಲ್ಲ, ನಿಮ್ಮ ಕೆಲಸಕ್ಕೆ ಏನೂ ಆಗಿಲ್ಲ, ಮುಂಡಗೋಡದಲ್ಲಿ ಕೂತು ಕೆಲಸ ಮಾಡುವ ನಮ್ಮವರಿಗೂ ನೀವೇ ಇದನ್ನು ಹೇಳಿಕೊಡಿ ಎಂದರು. ನಾನು ಬೆಂಚಿನ ಮೇಲೆ ಕೂತು ಜೋರಾಗಿ ನಕ್ಕೆ. ಗೆದ್ದೆ ಅನ್ನಿಸಿತು, ಯಾಕೆ ಮುಚ್ಚಿಡಲಿ.

ಮಾವಶಿ ನಗಲಿಲ್ಲ. "ಕಂಡಿದ್ರ ಹೇಳಿಬಿಡ್ತಿದ್ದೆ ತಂಗಿ. ನನ್ನ ಬಾಯಿಂದ ನಿನ್ನ ಅನ್ನ ಹೋಗ್ತಿತ್ತು."

"ಹೋಗ್ಲಿಲ್ಲಲ್ಲ," ಎಂದೆ. ಆವತ್ತು ಗ್ಲಾಸು ಸದ್ದಿಲ್ಲದೆ ನನ್ನ ಮುಂದೆ ಬಂತು.

ಮರುದಿನ ಕಿಟಕಿಯಲ್ಲಿ ಫೋನುಗಳೆಲ್ಲ ಬೋರಲಾಗಿ ಮಲಗಿದ್ದವು. ಮಾವಶಿ ಈಗ "ಬಂತು ನೋಡ್ರಿ" ಎಂದಷ್ಟೇ ಕೂಗುತ್ತಾಳೆ. ನಂಬರು ಬೇಕಾದವರು ತಾವೇ ಬಂದು ನೋಡಿಕೊಳ್ಳಬೇಕು. ಗೊಣಗಿದವರಿಗೆ ಚಹಾ ತಡವಾಗುತ್ತದೆ.

ಮೊನ್ನೆ ನಾನು ಹಿತ್ತಲಲ್ಲಿ ಊಟದ ಡಬ್ಬಿ ತೊಳೆಯುತ್ತಿದ್ದೆ. ಸಿಲಿಂಡರಿನವನು ಬಂದು ನಂಬರು ಕೇಳಿದ. ಕೈತುಂಬ ಸಾಬೂನು. ಕಿಟಕಿಯಲ್ಲಿದ್ದ ಫೋನಿಗೆ ಲಾಕ್ ಹಾಕಲು ಅವತ್ತು ಮರೆತಿದ್ದೆ.

"ಮಾವಶಿ, ಸಿಲಿಂಡರಿನ ನಂಬರ್ ಎಷ್ಟ ಬಂದೈತಿ ಹೇಳ," ಎಂದು ಅಲ್ಲಿಂದಲೇ ಕೂಗಿದೆ.

ಒಳಗೆ ಗ್ಲಾಸು ಕುಕ್ಕಿ ಇಟ್ಟ ಸದ್ದಾಯಿತು.

"ದನಿ ನಿಂದ ಐತಿ ಖರೆ," ಎಂದಳು ಮಾವಶಿ. "ಆದ್ರ ಮಾರಿ ಕಾಣವಲ್ದು. ಬಂದು ನೋಡ್ಕೊ."