ಇಟ್ಟಿಗೆ ಬಣ್ಣದ ಅಂಗಿ

ಅಪ್ಪ ಪೊಲೀಸರಿಗೆ ಬಟ್ಟೆ ಹೊಲಿಯುತ್ತಿದ್ದರು. ಮೈಸೂರಿನಲ್ಲಿ ದರ್ಜಿಗಳಿಗೇನೂ ಬರವಿರಲಿಲ್ಲ. ಆದರೆ ಭುಜಪಟ್ಟಿಯನ್ನು ಸುಕ್ಕಿಲ್ಲದೆ ಕೂರಿಸುವುದು ಅಪ್ಪನ ಕೈಗೆ ಮಾತ್ರ ಬರುತ್ತದೆಂದು ದಫೇದಾರರೆಲ್ಲ ನಮ್ಮ ಜಗಲಿಗೇ ಬರುತ್ತಿದ್ದರು. ನಮ್ಮದು ಚರ್ಚಿನ ಹಿಂದಿನ ಓಣಿ. ಚರ್ಚಿನ ಹೊಸ ಗೋಡೆಗಳು ಆಗಿನ್ನೂ ಏಳುತ್ತಿದ್ದವು. ಕಲ್ಲು ಕೆತ್ತುವ ಪುಡಿ ಗಾಳಿಯಲ್ಲಿ ತೇಲಿಬಂದು ಖಾಕಿಯ ಮೇಲೆ ಕೂರುತ್ತಿತ್ತು. ಗುಂಡಿಗಳಿಗೆ ಕಾಜಾ ಹೊಲಿಯುವುದು ನನ್ನ ಕೆಲಸ. ಮದುವೆಯ ವಯಸ್ಸಿಗೆ ಬಂದ ಹುಡುಗಿಯಾದ್ದರಿಂದ ಜಗಲಿಗೆ ಬರಕೂಡದು, ಒಳಬಾಗಿಲ ಮರೆಯಲ್ಲೇ ಕೂರಬೇಕು.

ಒಂದು ಬೆಳಿಗ್ಗೆ ಇಂಗು ಮಾರುವ ಪಠಾಣನೊಬ್ಬ ಬಂದು ಒಂದು ಬಟ್ಟೆಯ ಸುರುಳಿಯನ್ನು ಅಪ್ಪನ ಮುಂದಿಟ್ಟ. ಯಾದವಗಿರಿಯ ಬಂಗಲೆಗಳ ಕಡೆ ಗಂಟು ಹೊತ್ತು ತಿರುಗುತ್ತಿದ್ದವನು. ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ಬಟ್ಟೆ ಸುಟ್ಟ ಇಟ್ಟಿಗೆಯ ಬಣ್ಣದ್ದು. ಮೊಣಕಾಲಿನವರೆಗೆ ಉದ್ದವಿರಬೇಕು, ಎದೆಗೆ ಎರಡು ಜೇಬು, ಭುಜಕ್ಕೆ ಪಟ್ಟಿ, ಸಿಪಾಯಿಗಳದ್ದರ ಹಾಗೆ ಎಂದ. ಅಪ್ಪನಿಗೆ ಹಿಂದೂಸ್ತಾನಿ ಬರುತ್ತಿತ್ತು. ಅಳತೆ ತೆಗೆದುಕೊಂಡು ಕಳಿಸಿದರು. ಅವನು ಓಣಿ ದಾಟಿದ್ದೇ ತಡ, ಬಟ್ಟೆಯನ್ನು ಖಾಕಿಯ ರಾಶಿಯ ಅಡಿಗೆ ತಳ್ಳಿದರು.

"ಇವನನ್ನ ಯಾರೋ ಕಳ್ಸವ್ರೆ," ಎಂದರು ಅಮ್ಮನಿಗೆ. "ಪೊಲೀಸರ ದರ್ಜಿ ಅಂಥ ಬಟ್ಟೆ ಹೊಲೀತಾನೋ ಇಲ್ವೋ ನೋಡೋಕೆ."

ಅಂಥ ಬಟ್ಟೆ ಎಂದರೇನೆಂದು ನನಗೆ ಆಮೇಲೆ ಗೊತ್ತಾಯಿತು. ವಾಯವ್ಯದ ಗಡಿಯಲ್ಲಿ ಪಠಾಣರ ಒಂದು ದಂಡು ಈ ಬಣ್ಣದ ಅಂಗಿ ತೊಟ್ಟು ಬ್ರಿಟಿಷ್ ಸರ್ಕಾರಕ್ಕೆ ಎದುರು ನಿಂತಿದೆ, ಅಂಗಿ ಕಂಡ ಕಡೆ ಹಿಡಿದು ಜೈಲಿಗೆ ಹಾಕುತ್ತಿದ್ದಾರೆ ಎಂದು ಅಪ್ಪ ಪತ್ರಿಕೆಯಲ್ಲಿ ಓದಿದ್ದರು. ಅಮ್ಮ ಕಂಡದ್ದು ಬೇರೆ. ಜಗಲಿ ಹತ್ತುವಾಗ ಅವನ ಕಣಕಾಲಿನ ಸುತ್ತ ಕಪ್ಪಗೆ ಒರಟಾಗಿದ್ದ ಚರ್ಮ ಅವಳ ಕಣ್ಣಿಗೆ ಬಿದ್ದಿತ್ತು. "ಬೇಡಿ ಹಾಕಿಸ್ಕೊಂಡಿರೋ ಕಾಲು ಕಣ್ರೀ ಅದು," ಎಂದಳು.

ಕೊಟ್ಟ ಬಟ್ಟೆ ಹಿಂದಿರುಗಿಸಿದರೆ ಹೆದರಿದರು ಎಂದಾಗುತ್ತದೆ, ಹೊಲಿದುಕೊಟ್ಟರೆ ಸಿಕ್ಕಿಬಿದ್ದ ಹಾಗೆ. ಅಪ್ಪ ಮೂರನೆಯ ದಾರಿ ಹಿಡಿದರು. ಪಠಾಣ ಬಂದಾಗಲೆಲ್ಲ ಮಿಷನ್ನಿನ ಬೆಲ್ಟು ಹರಿದಿದೆ, ದಾರ ಸಿಕ್ಕಿಲ್ಲ, ಜ್ವರ ಎನ್ನುತ್ತಿದ್ದರು. ಅವನು ಸಿಟ್ಟಾಗಲಿಲ್ಲ. ಗಂಟು ಇಳಿಸಿ ಜಗಲಿಯ ತುದಿಯಲ್ಲಿ ಕೂರುತ್ತಿದ್ದ. ಸಿಟ್ಟಾಗದಿದ್ದದ್ದೇ ಅಪ್ಪನಿಗೆ ಇನ್ನಷ್ಟು ಅನುಮಾನ ತಂದಿತು. ಕೆಲಸ ಆಗದಿದ್ದರೂ ಹೀಗೆ ಕೂರುವವನಿಗೆ ಬೇರೆ ಏನೋ ಕೆಲಸವಿದೆ ಎಂದರು.

ಒಂದು ದಿನ ಅಪ್ಪನೇ ಕೆದಕಿದರು. ಈ ಬಣ್ಣ ಯಾಕೆ ಎಂದು ಕೇಳಿದರು. ಮೊದಲು ಬಿಳಿ ಬಟ್ಟೆಯೇ ಇತ್ತಂತೆ. ಹಳ್ಳಿಯ ಧೂಳಿಗೆ ಬೇಗ ಕೊಳೆಯಾಗುತ್ತದೆಂದು ಚರ್ಮ ಹದ ಮಾಡುವವರ ಬಣ್ಣದಲ್ಲಿ ಅದ್ದಿದರಂತೆ. ಅಪ್ಪ ಕೊಳೆಯಾಗದ ಬಟ್ಟೆಯ ವಿಚಾರ ಮಾತ್ರ ನಂಬಿದರು, ಮುಖದಲ್ಲಿ ಕಾಣುತ್ತಿತ್ತು.

ಆಮೇಲೆ ಅವನು ತನ್ನ ನಾಯಕನ ವಿಷಯ ಹೇಳಿದ. ಅಪ್ಪ ಒಳಗಿದ್ದ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತ ಹೋದದ್ದನ್ನು ನಾನು ಸೂಜಿ ಬಿಟ್ಟು ಕೇಳಿಸಿಕೊಂಡೆ. ಆತ ಊರ ಗೌಡನ ಮಗ. ಸೈನ್ಯದಲ್ಲಿ ದೊಡ್ಡ ಹುದ್ದೆ ಕೈಗೆ ಬಂದಿತ್ತು, ಬೇಡವೆಂದು ಹಳ್ಳಿಹಳ್ಳಿಗೆ ನಡೆದು ಶಾಲೆ ತೆರೆದ. ಹೆಣ್ಣುಮಕ್ಕಳೂ ಓದಬೇಕು ಎಂದ. ತಲೆಮಾರುಗಳಿಂದ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತ ಬಂದವರನ್ನು ಒಂದೇ ಚಾಪೆಯ ಮೇಲೆ ಕೂರಿಸಿದ. ಹಗೆ ತೀರಿಸುವುದಿಲ್ಲ, ಹೊಡೆದರೂ ಹೊಡೆಯುವುದಿಲ್ಲ ಎಂದು ಆಣೆ ಮಾಡಿದವರಿಗೆ ಮಾತ್ರ ಆ ಅಂಗಿ. ಜೈಲಿನಲ್ಲಿ ಆ ಎತ್ತರದ ಮನುಷ್ಯನ ಕಾಲಿಗೆ ಆಗುವಂಥ ಬೇಡಿಯೇ ಇರಲಿಲ್ಲವಂತೆ, ಇದ್ದದ್ದನ್ನೇ ಬಲವಂತವಾಗಿ ಹಾಕಿದ್ದರಂತೆ. ಇಷ್ಟು ಹೇಳಿ ಪಠಾಣ ತನ್ನ ಕಣಕಾಲನ್ನು ಷರಾಯಿಯಿಂದ ಮುಚ್ಚಿಕೊಂಡ.

"ಇಲ್ಲಿ ಯಾರಿಗೂ ಇದು ಗೊತ್ತಿಲ್ಲ. ಇಲ್ಲಿ ಯಾಕೆ ಹಾಕ್ಕೋಬೇಕು?" ಎಂದು ಅಪ್ಪ ವಕೀಲರ ಹಾಗೆ ಪಟ್ಟು ಹಿಡಿದರು.

ಅಲ್ಲಿ ತೊಡುವ ಹಾಗಿಲ್ಲ, ಇದ್ದದ್ದನ್ನು ಸಿಪಾಯಿಗಳು ಬೀದಿಯಲ್ಲೇ ಹರಿದುಹಾಕಿದರು, ಇಲ್ಲಿ ನಮಾಜಿನ ಹೊತ್ತಿಗಾದರೂ ತೊಡಬೇಕು ಎಂದ.

ಪಠಾಣ ಹೋದ ಮೇಲೆ ಅಪ್ಪ ನಕ್ಕರು. ಬಂದೂಕು ಬಿಟ್ಟ ಪಠಾಣನ ಕಥೆಯನ್ನು ಯಾರಾದರೂ ನಂಬುತ್ತಾರೆಯೇ, ಹೇಳಿಕೊಟ್ಟವನಿಗೆ ಬುದ್ಧಿ ಇಲ್ಲ ಎಂದರು.

ಅದೇ ವಾರ, ಅವನು ಜಗಲಿಯಲ್ಲಿ ಕೂತಿದ್ದಾಗ ಒಬ್ಬ ದಫೇದಾರ ತನ್ನ ಕೋಟಿನ ಅಳತೆ ನೋಡಿಸಿಕೊಳ್ಳಲು ಬಂದ. ಪಠಾಣ ಎದ್ದು ದಾರಿ ಬಿಟ್ಟ. ದಫೇದಾರ ಅವನ ಕಾಲು ನೋಡಿದ, ಯಾವ ಜೈಲಿನಿಂದ ಬಂದೆ ಎಂದು ಕೇಳಿದ. ಇವನು ಮುಚ್ಚಿಡದೆ ಹೇಳಿದ. ಯಾವ ಕಳ್ಳತನ ಎಂದು ಕೇಳಿದ್ದಕ್ಕೆ, ಕಳ್ಳತನವಲ್ಲ ಎಂದ. ದಫೇದಾರ ಕೆನ್ನೆಗೆ ಬಾರಿಸಿದ. ಪೇಟ ಉರುಳಿ ನಮ್ಮ ಹೊಸಿಲಿಗೆ ಬಂತು.

ದಫೇದಾರ ಅವನ ಎದೆಯ ಎತ್ತರಕ್ಕೂ ಬರುತ್ತಿರಲಿಲ್ಲ. ಎತ್ತಿ ಓಣಿಗೆ ಎಸೆಯಬಹುದಿತ್ತು. ಪಠಾಣ ಅಲುಗಲಿಲ್ಲ. ಎದುರಿಗೆ ನಿಂತ ದಫೇದಾರನಿಗೆ ಕಂಡದ್ದು ಕಲ್ಲಿನಂಥ ಮುಖ. ಒಳಗಿದ್ದ ಅಮ್ಮನಿಗೂ ನನಗೂ ಕಂಡದ್ದು ಬೆನ್ನು. ಬೆನ್ನ ಹಿಂದೆ ಅವನ ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಹಿಡಿದಿತ್ತು. ಹಿಡಿತಕ್ಕೆ ಬೆರಳಗಂಟುಗಳು ಬೆಳ್ಳಗಾಗಿದ್ದವು. ಎರಡನೆಯ ಏಟು ಬಿತ್ತು. ಮೂರನೆಯದಕ್ಕೆ ಎತ್ತಿದ ಕೈಯನ್ನು ದಫೇದಾರ ತಾನೇ ಇಳಿಸಿದ. ಏನು ಮಾಡಬೇಕೆಂದು ತೋಚದವನ ಹಾಗೆ ಅತ್ತಿತ್ತ ನೋಡಿ, ಅವನನ್ನು ಠಾಣೆಗೆ ಕರೆದುಕೊಂಡು ಹೋದ.

ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನೂ ಒಡ್ಡು ಎಂಬ ಮಾತನ್ನು ವರ್ಷವರ್ಷವೂ ಚರ್ಚಿನಲ್ಲಿ ಕೇಳುತ್ತ ಬಂದವರು ನಾವು. ಆದರೂ ಅಪ್ಪ, "ಇದೂ ಅವರಿಬ್ಬರ ನಾಟಕ ಇರ್ಬೋದು. ನನ್ ಮುಂದೆ ಆಡಿದ್ದು," ಎಂದರು.

"ನೀವು ಕೈ ನೋಡ್ಲಿಲ್ಲ," ಎಂದಳು ಅಮ್ಮ.

ಅಪ್ಪ ಮಧ್ಯಾಹ್ನ ಊಟವಾದ ಮೇಲೆ ಖಾಕಿಯ ಅಡಿಯಿಂದ ಆ ಬಟ್ಟೆ ಎಳೆದು ಕತ್ತರಿ ಹಾಕಿದರು. ಬಾಗಿಲು ಅರೆ ಮುಚ್ಚಿ ಹೊಲಿದರು. ಭುಜಕ್ಕೆ ಎರಡು ಸಾಲು ಹೊಲಿಗೆ ಹಾಕಿದರು. ಕಾಜಾ ನಾನು ಹಾಕಿದೆ. ಓಣಿಯಲ್ಲಿ ಹೆಜ್ಜೆ ಕೇಳಿದಾಗಲೆಲ್ಲ ಅಪ್ಪ ಅದರ ಮೇಲೆ ಒಂದು ಖಾಕಿ ಕೋಟು ಎಳೆಯುತ್ತಿದ್ದರು.

ಕೆಲವು ದಿನ ಬಿಟ್ಟು ಪಠಾಣ ಬಂದ. ಸಂಸ್ಥಾನ ಬಿಟ್ಟು ಹೋಗೆಂದು ಹೇಳಿದ್ದಾರೆ, ಸಂಜೆ ರೈಲಿಗೆ ಹೋಗುತ್ತೇನೆ ಎಂದ. ಅಂಗಿ ಬಿಡಿಸಿ ಭುಜದ ಹೊಲಿಗೆಯ ಮೇಲೆ ಬೆರಳಾಡಿಸಿದ. ಕೈಯನ್ನು ಯಾಕೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ ಎಂದು ಅಮ್ಮ ಅಪ್ಪನ ಮೂಲಕ ಕೇಳಿಸಿದಳು. ಅದುವರೆಗೆ ಒಂದು ಕನ್ನಡ ಪದವನ್ನೂ ಆಡದಿದ್ದವನು ಅಮ್ಮನ ಕಡೆ ತಿರುಗಿ ತಾನೇ ಹೇಳಿದ.

"ಮುಂದೆ ಇದ್ರೆ ಎದ್ ಬುಡ್ತದೆ, ಅಮ್ಮ."

ಕನ್ನಡ ಬರುತ್ತದೆಂದು ಆವತ್ತೇ ತಿಳಿದದ್ದು. ಇಷ್ಟು ದಿನ ನಮ್ಮ ಮಾತನ್ನೆಲ್ಲ ಅರ್ಥ ಮಾಡಿಕೊಂಡು ಕೂತಿದ್ದನಲ್ಲ ಎಂದು ಅಪ್ಪನ ಮುಖ ಮತ್ತೆ ಬಿಗಿಯಿತು. ಅವನು ಕೊಟ್ಟುಹೋದ ಇಂಗಿನ ತುಂಡನ್ನು ಅಮ್ಮ ಕೂಡ ಸಾರಿಗೆ ಹಾಕಲಿಲ್ಲ. ಏನು ಬೆರೆಸಿದ್ದಾನೋ ಎಂದು ಅಟ್ಟದ ಮೇಲಿಟ್ಟಳು. ಅದರ ವಾಸನೆ ಮನೆಯೆಲ್ಲ ಹಬ್ಬಿತ್ತು.

ತಿಂಗಳೊಪ್ಪತ್ತಿನಲ್ಲಿ ದಫೇದಾರ ಕೋಟಿಗೆಂದು ಮತ್ತೆ ಬಂದ. ಅಪ್ಪ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ತೋಳು ಸರಿಮಾಡುತ್ತಿದ್ದರು. ಆತ ಗೋಡೆ ನೋಡುತ್ತ ಮೆಲ್ಲನೆ ಕೇಳಿದ.

"ಅವ್ನು ಯಾಕ್ ತಿರುಗ್ಸಿ ಹೊಡೀಲಿಲ್ಲ? ಊಟಕ್ಕೆ ಕೂತ್ರೆ ಅದೇ ಗ್ಯಾಪ್ಕ ಬರ್ತದೆ ಕಣ್ರೀ."

ಅಪ್ಪ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದರು. "ನಂಗೇನ್ ಗೊತ್ತು ಸ್ವಾಮಿ," ಎಂದರು.

ಆತ ಹೋದ ಮೇಲೆ ಅಪ್ಪ ನಮ್ಮಿಬ್ಬರ ಕಡೆ ನೋಡಿ, ನನ್ನ ಬಾಯಿ ಬಿಡಿಸೋಕೆ ಬಂದಿದ್ದ ಎಂದರು. ಇಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಎಂದಳು ಅಮ್ಮ. ಈ ವಿಷಯದಲ್ಲಿ ಅವರಿಬ್ಬರಿಗೆ ಕೊನೆಯವರೆಗೂ ಒಮ್ಮತವಾಗಲಿಲ್ಲ. ನಾನು ಅಮ್ಮನ ಕಡೆ.